ಕತ್ತೆ ಇಲ್ಲದ ಸಿನಿಮಾ

“ಕತ್ತೆ ಇರುತ್ತಾ?”

ಬಾಗಿಲು ತೆರೆದ ಕಾದಂಬರಿಕಾರರು ಕೇಳಿದ ಮೊದಲ ಪ್ರಶ್ನೆ ಅದು. ಬನ್ನಿ, ಕೂತ್ಕೊಳ್ಳಿ ಎಲ್ಲ ಆಮೇಲೆ.

ಹೊಸಿಲಾಚೆ ನಿಂತಿದ್ದ ಯುವ ನಿರ್ದೇಶಕಿ ತಲೆಯಾಡಿಸಿದಳು. “ಇಲ್ಲ ಸಾರ್. ಕತ್ತೆಯ ಬಾಲ ಕೂಡ ಇರಲ್ಲ.”

“ಹಾಗಾದ್ರೆ ಒಳಗೆ ಬನ್ನಿ.”

ಅವರಿಗೆ ಹೆಸರು ತಂದುಕೊಟ್ಟ ಕಾದಂಬರಿಯನ್ನು ಆಕೆ ಮತ್ತೆ ಸಿನಿಮಾ ಮಾಡಲು ಹೊರಟಿದ್ದಳು. ಮೊದಲ ಸಲ ಮಾಡಿದವನು ಅವರ ಸ್ವಂತ ತಮ್ಮ. ಗಾಡಿಗಳೇ ನಿಲ್ಲದ ನಿಲ್ದಾಣದಲ್ಲಿ ಒಬ್ಬ ಸ್ಟೇಷನ್ ಮಾಸ್ಟರ್ ಕಳೆಯುವ ಏಕಾಂತದ ಬದುಕು, ಇದು ಕಥೆ. ಪರದೆ ಸರಿದಾಗ ಪ್ಲಾಟ್‌ಫಾರಂ ಮೇಲೆ ಕಂಡದ್ದು, ಟೊಪ್ಪಿಗೆ ಹಾಕಿಕೊಂಡು ಹಸಿರು ಬಾವುಟ ಕಚ್ಚಿಕೊಂಡು ನಿಂತಿದ್ದ ಒಂದು ಕತ್ತೆ.

ಕಾದಂಬರಿಕಾರರು ಕತ್ತಲಲ್ಲೇ ಎದ್ದು ನಿಂತು, ತಮಗೆ ಮನೆಯೊಳಗಿನವನೇ ದ್ರೋಹ ಮಾಡಿದ್ದಾನೆಂದು ಸಾರಿ ಹೊರನಡೆದರು. ಅವರ ಹಿಂದೆ ಅರ್ಧ ಚಿತ್ರಮಂದಿರವೂ ಎದ್ದು ಹೋಯಿತು. ಉಳಿದರ್ಧ ನಗುತ್ತಿತ್ತು, ಅದು ನಗುವ ಸಿನಿಮಾ ಅಲ್ಲದಿದ್ದರೂ. ತಮ್ಮ ಆಮೇಲೆ ಕ್ಯಾಮೆರಾ ಹಿಡಿದದ್ದು ಪಾಸ್‌ಪೋರ್ಟ್ ಫೋಟೊ ತೆಗೆಯಲು ಮಾತ್ರ. ಅಣ್ಣನಿದ್ದ ಮನೆಯ ಕೆಳಮಹಡಿಯಲ್ಲೇ ಸ್ಟುಡಿಯೊ ಇಟ್ಟುಕೊಂಡ. ಮೆಟ್ಟಿಲಲ್ಲಿ ಎದುರಾದರೆ ಅಣ್ಣ ಗೋಡೆಯ ಕಡೆ ತಿರುಗಿ ಸುಣ್ಣ ನೋಡುತ್ತಿದ್ದರು.

ತಮ್ಮ ಒಂದೇ ಒಂದು ಸಲ ಮಾತಾಡಲು ಬಂದಿದ್ದ. “ನನಗೆ ಸಿಕ್ಕಿದ್ದು ಅದೊಂದೇ ಅಣ್ಣ” ಅಂದಿದ್ದ. ನಟ ಸಿಗದಿದ್ದರೆ ಕತ್ತೆಯನ್ನು ತಂದು ನಿಲ್ಲಿಸುತ್ತಾರೆಯೇ ಎಂದು ಅಣ್ಣ ಬಾಗಿಲು ಹಾಕಿಕೊಂಡರು. ಅಂದಿನಿಂದ ತಮ್ಮನ ಊಟದ ಡಬ್ಬಿಯನ್ನು ಅವರ ಹೆಂಡತಿಯೇ ಕೆಳಗೆ ಒಯ್ಯುತ್ತಿದ್ದರು. ಪಾಪ, ಅವನ ತಪ್ಪೇನಿದೆ ಅಂತ ಆಕೆ ಗೊಣಗುತ್ತಿದ್ದುದುಂಟು. ಹೆಂಗಸರ ಮನಸ್ಸು ಮೃದು ಎಂದು ಕಾದಂಬರಿಕಾರರು ಸುಮ್ಮನಿರುತ್ತಿದ್ದರು.

ಓದುಗರೆಲ್ಲ ಕಾದಂಬರಿಕಾರರ ಪಕ್ಷವೇ. ಆ ಕತ್ತೆಯಿಂದ ಕಥೆಯ ಮಾನ ಹೋಯಿತು ಎಂದು ಸಭೆ ಸಭೆಯಲ್ಲೂ ಮರುಗಿದರು. ಒಬ್ಬ ಮುದುಕರಂತೂ ಕೈ ಹಿಡಿದುಕೊಂಡು, “ನಿಮ್ಮ ನಾಯಕ ಕೊನೆತನಕ ಒಂದು ಲೋಟ ನೀರು ಕೂಡ ಕೇಳಲಿಲ್ಲವಲ್ಲ ಸಾರ್” ಎಂದು ಕಣ್ಣೊರೆಸಿಕೊಂಡಿದ್ದರು. ಸ್ವಾಭಿಮಾನಿಗಳು ಹಾಗೆಯೇ ಎಂದು ಕಾದಂಬರಿಕಾರರು ಗಂಭೀರವಾಗಿ ಉತ್ತರಿಸಿದ್ದರು. ಅದಕ್ಕಿಂತ ಹೆಚ್ಚಿನ ಪ್ರಶ್ನೆಗಳನ್ನು ಪಕ್ಕದಲ್ಲಿದ್ದ ಹೆಂಡತಿಯೇ ನೋಡಿಕೊಳ್ಳುತ್ತಿದ್ದರು. ಹೆತ್ತ ಕೂಸನ್ನು ಮತ್ತೆ ಹೊಟ್ಟೆಗೆ ಹಾಕಿಕೊಳ್ಳಲು ಆಗುವುದಿಲ್ಲ, ಆದ್ದರಿಂದ ಬರೆದದ್ದನ್ನು ತಾವು ತಿರುಗಿ ಓದುವುದಿಲ್ಲ ಎಂಬುದು ಅವರ ಸಿದ್ಧಾಂತ. ವಿಮರ್ಶೆಗಳನ್ನೂ ಅವರು ಮುಟ್ಟುತ್ತಿರಲಿಲ್ಲ. ಹೆಂಡತಿ ಓದಿ, ಹೊಗಳಿದ್ದಾರೆ ಅನ್ನುತ್ತಿದ್ದರು. ಅಷ್ಟು ಸಾಕಿತ್ತು.

ಈ ಹುಡುಗಿ ಪುಸ್ತಕವನ್ನು ಅರೆದು ಕುಡಿದಿದ್ದಳು. ಕಾದಂಬರಿಕಾರರು ಸೋಫಾದ ತುದಿಯಲ್ಲಿ ಕೂತು ಷರತ್ತು ಹಾಕಿದರು: ಪುಸ್ತಕದಲ್ಲಿ ಇದ್ದದ್ದೆಲ್ಲ ಇರಬೇಕು, ಇಲ್ಲದ್ದು ಒಂದೂ ಇರಬಾರದು.

“ನನ್ನ ನಾಯಕನನ್ನು ಕತ್ತೆ ಮಾಡಿದ್ರು ಕಣಮ್ಮ.”

“ನಂಗೂ ಅದೇ ಸಿಟ್ಟು ಸಾರ್. ಈ ಸಲ ನಿಮ್ಮ ನಾಯಕನನ್ನೇ ತೋರಿಸ್ತೀನಿ. ಬಹಳ ದೂರದಿಂದ ಕರೆಸಿದ್ದೀವಿ. ಹೊಸ ಮುಖ, ಕಣ್ಣುಗಳಂತೂ ಅದ್ಭುತ. ಸ್ವಲ್ಪ ಗೂನು ಬೆನ್ನು.”

“ಇರಲಿ, ಇರಲಿ. ಬದುಕಿನ ಭಾರ. ಸ್ವಭಾವ ಹೇಗೆ?”

“ಮುಂಗೋಪಿ. ಆದ್ರೆ ಲೈಟ್ ಬಿದ್ದ ತಕ್ಷಣ ಕಲ್ಲಿನ ಹಾಗೆ ನಿಂತುಬಿಡ್ತಾನೆ.”

ಕಾದಂಬರಿಕಾರರ ಎದೆ ತುಂಬಿ ಬಂತು. ಅಡುಗೆಮನೆಯ ಬಾಗಿಲಲ್ಲಿ ಕಾಫಿ ತಟ್ಟೆ ಹಿಡಿದು ನಿಂತಿದ್ದ ಹೆಂಡತಿಗೆ ಯಾಕೋ ಕೆಮ್ಮು ಬಂತು.

ಚಿತ್ರೀಕರಣ ನೋಡಲು ಬನ್ನಿ ಎಂದು ನಿರ್ದೇಶಕಿ ಎಷ್ಟು ಕರೆದರೂ ಹೆಂಡತಿ ಗಂಡನನ್ನು ಹೋಗಲು ಬಿಡಲಿಲ್ಲ. ಧೂಳು, ಬಿಸಿಲು, ಅಲರ್ಜಿ, ಬೇಡ ಅಂದರು. ಮೊದಲ ಪ್ರದರ್ಶನದ ಸಂಜೆಯೂ ತಲೆನೋವು ಅಂತ ಮಲಗಿದ್ದರು. ಕಾದಂಬರಿಕಾರರು ತಾವೇ ಮಾತ್ರೆ ನುಂಗಿಸಿ, ಕೈ ಹಿಡಿದು ಎಬ್ಬಿಸಿಕೊಂಡು ಬಂದು ಮೊದಲ ಸಾಲಿನಲ್ಲಿ ಕೂರಿಸಿದರು. ಹಿಂದೆ ತಿರುಗಿ ನೋಡಿದರೆ ಕೊನೆಯ ಸಾಲಿನಲ್ಲಿ ತಮ್ಮ. ಅವನನ್ನು ಕರೆದದ್ದು ನಿರ್ದೇಶಕಿಯೇ. ಒಳ್ಳೆಯದೇ ಆಯಿತು, ನೋಡಿ ಕಲಿಯಲಿ ಎಂದುಕೊಂಡರು ಅಣ್ಣ.

ದೀಪಗಳು ಆರಿದವು. ಖಾಲಿ ಹಳಿ. ಗಾಳಿ. ಪ್ಲಾಟ್‌ಫಾರಂ. ನಿಧಾನವಾಗಿ ನಾಯಕ ನಡೆದು ಬಂದು ನಿಂತ. ತಲೆಯ ಮೇಲೆ ಟೊಪ್ಪಿಗೆ, ಬಾಯಲ್ಲಿ ಹಸಿರು ಬಾವುಟ, ಉದ್ದನೆಯ ಕತ್ತು, ನಾಲ್ಕು ಕಾಲು.

ಚಿತ್ರಮಂದಿರವೇ ಎದ್ದು ನಿಂತು ಚಪ್ಪಾಳೆ ತಟ್ಟಿತು. ಯಾರೋ ಬಿಕ್ಕಿ ಬಿಕ್ಕಿ ಅತ್ತರು. “ಇದಪ್ಪಾ ನಮ್ಮ ಸ್ಟೇಷನ್ ಮಾಸ್ಟರ್” ಎಂದು ಆ ಮುದುಕರ ದನಿ ಕೇಳಿಸಿತು. ಕೊನೆಯ ಸಾಲಿನಲ್ಲಿ ತಮ್ಮ ಎರಡೂ ಕೈಯೆತ್ತಿ ತಟ್ಟುತ್ತಿದ್ದ.

ಕಾದಂಬರಿಕಾರರು ಪಕ್ಕದಲ್ಲಿ ಕೂತಿದ್ದ ನಿರ್ದೇಶಕಿಯ ಕಡೆ ಬಾಗಿದರು. “ಇದೇನಮ್ಮ ಇದು?”

ನಿರ್ದೇಶಕಿ ಹೆಮ್ಮೆಯಿಂದ ಕಿವಿಯಲ್ಲಿ ಹೇಳಿದಳು: “ನಿಮ್ಮ ಮೊದಲನೇ ವಾಕ್ಯ ಸಾರ್. ಒಂದಕ್ಷರ ಬದಲಾಯಿಸಿಲ್ಲ.”

“ನಾನು ಹಾಗೆ ಹೇಳೇ ಇಲ್ಲ.” ಅವರು ಹೆಂಡತಿಯ ಕಡೆ ತಿರುಗಿದರು. “ಕೋಣೆಯಲ್ಲಿ ಆ ಕಡೆ ಈ ಕಡೆ ನಡೀತಾ ನಾನು ಹೇಳಿದೆ, ನೀನು ಟೈಪ್ ಮಾಡಿದೆ. ಏನು ಹೇಳಿದ್ದೆ ನಾನು?”

“‘ಅವನು ಒಂಟಿಯಾಗಿ ನಿಂತಿದ್ದ’ ಅಂತಲೇ ಹೇಳಿದ್ರಿ ರೀ,” ಎಂದರು ಹೆಂಡತಿ ಸೆರಗಿನ ತುದಿ ತಿರುವುತ್ತಾ. “ನನ್ನ ಬೆರಳು ಜಾರಿ ‘ಒಂಟೆಯಾಗಿ ನಿಂತಿದ್ದ’ ಅಂತ ಆಗೋಯ್ತು. ಆಮೇಲೆ ನೀವು ಹೇಳಿದ್ದು ಒಂದೂ ಅದಕ್ಕೆ ಹೊಂದಲಿಲ್ಲ. ಮಿಕ್ಕಿದ್ದೆಲ್ಲ ನಾನೇ ಬರೀಬೇಕಾಯ್ತು.”