ಮೊದಲು ಸೋಯಾ

"ಎಂಜೈಮ್‌ಗಿಂತ ಮೊದಲು ಸೋಯಾ ಪುಡಿ ಯಾಕೆ ಹಾಕ್ತೀರಕ್ಕಾ?" ದಾಕ್ಷಿ ಕೇಳಿದಳು. ಅವಳು ಈ ಪ್ರಯೋಗಾಲಯ ಸೇರಿ ವಾರವಾಗಿತ್ತಷ್ಟೆ.

ಪ್ರಫುಲ್ಲಾ ಕಬ್ಬಿನ ಸಿಪ್ಪೆಯ ಪುಡಿಯಿದ್ದ ಫ್ಲಾಸ್ಕನ್ನು ಅಲುಗಾಡಿಸಿದಳು. ಈ ಸಿಪ್ಪೆಯಿಂದ ಸಕ್ಕರೆ ತೆಗೆದು ತೋರಿಸಿದರೆ ಅವಳ ಪಿಎಚ್‌ಡಿ ಮುಗಿದಂತೆ. ಅಲ್ಲಿಯವರೆಗೆ ಪ್ರತಿ ಭಾನುವಾರ, ಯಾರೂ ಇಲ್ಲದ ವಿಭಾಗದಲ್ಲಿ, ಅವಳ ಗೈಡ್ ಆಗಿರುವ ಸರ್ ಕರೆದಾಗ ಅವರ ಕೋಣೆಗೆ ಹೋಗಬೇಕು. ಭುಜದ ಮೇಲೆ ಬಂದು ಕೂರುವ ಕೈಯನ್ನು ಸಹಿಸಬೇಕು.

"ಸಿಪ್ಪೆಯಲ್ಲಿ ಲಿಗ್ನಿನ್ ಅಂತ ಇರುತ್ತೆ. ಗಿಡವನ್ನ ಗಟ್ಟಿಯಾಗಿ ಹಿಡಿದಿಡೋದು ಅದೇ. ಸಕ್ಕರೆ ಬಿಡಿಸೋಕೆ ಹೋದ ಎಂಜೈಮನ್ನೂ ಅದು ಹಿಡ್ಕೊಂಡುಬಿಡುತ್ತೆ. ಮೊದಲೇ ಸೋಯಾ ಹಾಕಿದ್ರೆ ಲಿಗ್ನಿನ್ ಅದನ್ನ ಹಿಡ್ಕೊಳ್ಳುತ್ತೆ. ಎಂಜೈಮ್ ತನ್ನ ಪಾಡಿಗೆ ಕೆಲಸ ಮುಗಿಸುತ್ತೆ."

"ಎಮ್ಮೆ ಮುಂದೆ ಹಿಂಡಿ ಇಟ್ಟು ಹಾಲು ಕರ್ಕೊಂಡಂಗೆ!" ದಾಕ್ಷಿ ನಕ್ಕಳು. "ಸೋಯಾ ಆಮೇಲೆ ಏನಾಗುತ್ತೆ?"

"ಅಲ್ಲೇ ಅಂಟ್ಕೊಂಡಿರುತ್ತೆ."

"ಪಾಪ. ಏನೂ ಗೊತ್ತಿಲ್ದೆ ಹೋಗಿ ಸಿಕ್ಕಿಬಿತ್ತು."

ಪ್ರಫುಲ್ಲಾ ನಗಲಿಲ್ಲ. ಫ್ಲಾಸ್ಕಿನ ಬಾಯಿಗೆ ಹತ್ತಿ ತುರುಕಿದಳು. ಅದನ್ನು ತೆಗೆದು ಮತ್ತೆ ತುರುಕಿದಳು.

"ದಾಕ್ಷಿ, ನಿಂಗೆ ಇಲ್ಲಿ ಬೇಡ ಅನ್ಸಿದ್ರೆ ಹೇಳು. ಬೇರೆ ಲ್ಯಾಬ್‌ನಲ್ಲಿ ಕೇಳ್ತೀನಿ. ಇನ್ನೂ ತಡ ಆಗಿಲ್ಲ."

"ಅಯ್ಯೋ, ಯಾಕಕ್ಕಾ? ಇನ್ಮೇಲೆ ಭಾನುವಾರ ನೀವು ಬರೋದು ಬೇಡ, ನಾನೊಬ್ಬಳೇ ಬಂದ್ರೆ ಸಾಕು ಅಂದಿದಾರೆ ಸರ್. ಅರ್ಜಿ ಹಾಕಿದ್ದ ಅಷ್ಟು ಜನದಲ್ಲಿ ನನ್ನನ್ನೇ ಆರಿಸಿಕೊಟ್ಟಿದ್ದು ನೀವಂತೆ!"