ಮೊಣಕಾಲಿನ ಮಡಿ

ಹಿತ್ತಲಲ್ಲಿ ಗುರುಸಿದ್ದವ್ವನ ಹೊಸ ಮೊಣಕಾಲಿಗೆ ಮಡಿ ಸಿದ್ಧವಾಗುತ್ತಿತ್ತು. ಆಸ್ಪತ್ರೆಯವರು ಮೊಣಕಾಲಿನ ಬೀಜ ಕೊಡುತ್ತಿದ್ದರು. ಬೆಳೆದು ತಂದರೆ ಆಪರೇಷನ್ ಮಾಡಿ ಕೂಡಿಸುತ್ತಿದ್ದರು. ನೋವಿಗೆ ಕುಕ್ಕರಗಾಲಲ್ಲಿ ಕೂರಲಾಗದೆ ಅವಳು ನೆರೆಮನೆಯ ಫಕೀರವ್ವನನ್ನು ಮುಯ್ಯಾಳಾಗಿ ಕರೆದಿದ್ದಳು.

"ಮುಂದಿನ ವರ್ಷ ನನ್ನ ಮೊಣಕಾಲು ಹಾಕ್ತೀನಿ. ಆವಾಗ ನೀ ಬಂದು ಮುಯ್ಯಿ ತೀರಸ್ಬೇಕು ನೋಡ, ಯಕ್ಕಾ," ಎಂದಳು ಫಕೀರವ್ವ, ಹೆಂಟೆ ಒಡೆಯುತ್ತಾ.

"ಹೊಸಾದು ಕೂಡಿಸಿದ ಮ್ಯಾಲೆ ನೆಲಕ್ಕ ಕುಂದರಬಾರದಂತವ್ವಾ. ಡಾಕ್ಟರು ಹೇಳ್ಯಾರ."

ಫಕೀರವ್ವನ ಕೈ ನಿಂತಿತು. "ಹಂಗಾದ್ರ ನಂದು ಯಾರು ಹಾಕೋರು? ಊರಾಗ ಹೊಸಾ ಕಾಲಿನವರೆಲ್ಲಾ ಕುರ್ಚಿ ಬಿಟ್ಟು ಏಳವಲ್ರು!"

ಗುರುಸಿದ್ದವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಈಗ್ಲೇ ತಗೊಂಬಾ ನಿನ್ನ ಬೀಜಾ. ಈ ಹಾಳು ಕಾಲು ಇರೂತನಕಾನ ಮುಯ್ಯಿ ತೀರಸಿಬಿಡ್ತೀನಿ."

ನರಳುತ್ತ ಕುಕ್ಕರಗಾಲಲ್ಲಿ ಕೂತು, ಫಕೀರವ್ವನ ಬೀಜಕ್ಕೆ ಜಾಗ ಮಾಡಲೆಂದು ಪಕ್ಕದ ಮಡಿಯ ಎಳೆ ಬದನೆ ಸಸಿಗಳನ್ನು ಒಂದೊಂದಾಗಿ ಕೀಳತೊಡಗಿದಳು.