ತುಂಬಿದ ಕಪಾಟು

ಇದನ್ನು ಹೇಳುವ ಅಧಿಕಾರ ನನಗಿದೆಯೋ ಇಲ್ಲವೋ, ಅನುಮಾನವೇ. ಕಣ್ಣಾರೆ ಕಂಡದ್ದಲ್ಲ, ಕೇಳಿದ್ದು. ಹೇಳುವುದರಲ್ಲಿ ಹೆಚ್ಚುಕಡಿಮೆಯಾದರೆ ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು.

ಚಿತ್ರದ ಟೀಚರ್ ಅನುದಾನ ಕಚೇರಿಯ ಬಾಗಿಲನ್ನು ತಟ್ಟಲಿಲ್ಲ, ತಳ್ಳಿದಳು. ಅಕ್ಕಾ, ಸಾಹೇಬರು ಊಟಕ್ಕೆ ಕೂತಿದ್ದಾರೆ ಎಂದು ಜವಾನ ಹಿಂದಿನಿಂದ ಕೂಗಿದ್ದು ಅವಳಿಗೆ ಕೇಳಿಸಲೇ ಇಲ್ಲ.

ಶಾಲೆಯಲ್ಲಿ ಚಿತ್ರ, ಸಂಗೀತ ಕಲಿಸಲು ಸರ್ಕಾರ ಕೊಡುವ ಅನುದಾನಕ್ಕೆ ಅವಳ ಶಾಲೆ ಅರ್ಜಿ ಹಾಕಿತ್ತು. ಬಂದರೆ ಬಣ್ಣ, ಕುಂಚ, ಅವಳಿಗೊಂದು ಸಂಬಳ. ಬರದಿದ್ದರೆ ಮುಂದಿನ ವರ್ಷ ಚಿತ್ರದ ತರಗತಿಯೇ ಇಲ್ಲ. ಅವತ್ತು ಬೆಳಿಗ್ಗೆ ಹೆಡ್‌ಮಾಸ್ಟರ್ ಫೋನ್ ಮಾಡಿ, ಕೊಡೋದಿಲ್ಲ ಅಂದರಂತಮ್ಮ ಎಂದಷ್ಟೇ ಹೇಳಿ ಇಟ್ಟಿದ್ದರು.

ಯಾಕೆ ಕೊಡುವುದಿಲ್ಲ ಎಂದು ಅವಳು ಕೇಳಿದಳು. ಅಧಿಕಾರಿ ನಿಧಾನವಾಗಿ ಊಟದ ಡಬ್ಬಿಯ ಮುಚ್ಚಳ ಹಾಕಿದರು. ಆ ನಿಧಾನಕ್ಕೇ ಅವಳ ಮೈ ಉರಿಯಿತು.

"ನೋಡಿ ಮೇಡಂ, ಅನುದಾನ ಇರೋದು ಇಲ್ಲದವರಿಗೆ. ನಿಮ್ಮಲ್ಲಿ ಕಪಾಟು ತುಂಬ ಬಣ್ಣದ ಶೀಶೆ ಇದೆ. ಮೊಳೆಗೆ ಪಿಟೀಲು ನೇತುಹಾಕಿದ್ದೀರಿ. ಮೂಲೇಲಿ ಡೋಲು. ನಾನೇ ಬಂದು ಕಣ್ಣಾರೆ ನೋಡಿ ವರದಿ ಬರೆದಿದ್ದೀನಿ. ಇನ್ನೇನು ಬೇಕು ನಿಮಗೆ, ಆನೆನಾ?"

ಜವಾನ ನಕ್ಕ. ಅವಳು ನಗಲಿಲ್ಲ. ಆ ಶಾಲೆಯಲ್ಲಿ ಒಂದು ಬಿಳಿ ಹಾಳೆಗೂ ಗತಿಯಿರಲಿಲ್ಲ. ಅಂಗಳದ ಕಲ್ಲುಚಪ್ಪಡಿಯ ಮೇಲೆ ಇದ್ದಿಲು, ಇಟ್ಟಿಗೆ ಚೂರು ಹಿಡಿಸಿ ಬರೆಸುತ್ತಿದ್ದಳು. ಸಂಜೆ ನೀರು ಸುರಿದು ತೊಳೆಸುತ್ತಿದ್ದಳು. ಬಣ್ಣವಿಲ್ಲದ ಮೇಲೆ ಇನ್ನೇನು ಕಲಿಸುವುದು? ನೆರಳು ಕಲಿಸಿದಳು. ನೆರಳು ಸರಿಯಾಗಿ ಬಿದ್ದರೆ ಉಳಿದದ್ದು ತಾನಾಗಿ ಎದ್ದು ನಿಲ್ಲುತ್ತದೆ ಎಂದು ಮಕ್ಕಳಿಗೆ ಹೇಳಿ ಹೇಳಿ ಅವಳ ಗಂಟಲೇ ಒಣಗಿತ್ತು.

ಹಾಗಾದರೆ ಈ ಪಿಟೀಲು, ಈ ಶೀಶೆ ಎಲ್ಲಿಂದ ಬಂದವು?

ಬಸ್ಸಿನಲ್ಲಿ ಕೂತು ಲೆಕ್ಕ ಹಾಕಿದಳು. ಅಧಿಕಾರಿ ತಪಾಸಣೆಗೆ ಬಂದ ವಾರ ಅವಳಿಗೆ ಜ್ವರ, ಶಾಲೆಗೆ ಹೋಗಿರಲಿಲ್ಲ. ಯಾರೋ ಪುಣ್ಯಾತ್ಮರು ಮಕ್ಕಳಿಗೆಂದು ಸಾಮಾನು ಕೊಟ್ಟಿದ್ದಾರೆ. ಹೆಡ್‌ಮಾಸ್ಟರ್ ಅದನ್ನು ಹಿಂದಿನ ಕೋಣೆಯಲ್ಲಿ ಬಚ್ಚಿಟ್ಟಿದ್ದಾರೆ. ಸದ್ದಿಲ್ಲದೆ ಮಾರಿಕೊಳ್ಳಲು. ಶಾಲೆಯ ನಿಲ್ದಾಣ ಬರುವಷ್ಟರಲ್ಲಿ ಅವಳ ಮನಸ್ಸಿನಲ್ಲಿ ಅನುಮಾನಕ್ಕೆ ಜಾಗವೇ ಉಳಿದಿರಲಿಲ್ಲ.

"ಜ್ವರ ಬಿಟ್ಟಿತೇನಮ್ಮ?" ಎಂದರು ಹೆಡ್‌ಮಾಸ್ಟರ್.

"ನನ್ನ ಜ್ವರ ಹಾಗಿರಲಿ. ಪಿಟೀಲು ಎಲ್ಲಿ ಸರ್?"

ಯಾವ ಪಿಟೀಲು ಎಂದು ಅವರು ಕಣ್ಣುಕಣ್ಣು ಬಿಟ್ಟರು. ಅಧಿಕಾರಿಗೆ ಅವತ್ತು ಬಹಳ ಅವಸರವಿತ್ತಂತೆ, ಕಾರಿನ ಇಂಜಿನ್ ಕೂಡ ಆರಿಸಲಿಲ್ಲವಂತೆ. ಜಗಲಿಯ ಕಡೆ ಒಬ್ಬರೇ ಹೋಗಿ ಬಂದು ಹೊರಟುಬಿಟ್ಟರಂತೆ. ಹಿಂದಿನ ಕೋಣೆಯ ಧೂಳಿಗೆ ಉಸಿರು ಕಟ್ಟುವುದರಿಂದ ತಾವು ಆ ಕಡೆ ತಲೆ ಹಾಕಿ ಎಷ್ಟೋ ಕಾಲವಾಯಿತಂತೆ. ಅಷ್ಟಲ್ಲದೆ ಗೇಟಿಗೆ ಹೊಡೆದು ಉಳಿದ ಬಣ್ಣದ ಡಬ್ಬಗಳೂ ಕಾಣುತ್ತಿಲ್ಲವೆಂದು ಗೊಣಗಿದರು.

ಎಷ್ಟು ಚೆನ್ನಾಗಿ ನಾಟಕ ಆಡುತ್ತಾರೆ ಎಂದುಕೊಂಡಳು. ಮಕ್ಕಳ ಕೈಯಲ್ಲಿ ಏನಾದರೂ ಬರೆಸಿಕೊಂಡಿರಾ ಎಂದು ನೇರವಾಗಿಯೇ ಕೇಳಿದಳು.

ಅವರು ತಲೆ ತಗ್ಗಿಸಿದರು. "ಹೇಳಿದ್ದೆ. ಸಾಹೇಬರು ಬರ್ತಾರೆ, ಏನೇನು ಬೇಕೋ ಎಲ್ಲ ಬರೆದಿಡ್ರಪ್ಪಾ ಅಂತ. ನನ್ನ ಕೈಗೆ ಒಂದು ಚೀಟೀನೂ ಬರಲಿಲ್ಲ."

ಬಾಗಿಲ ಬಳಿ ನಿಂತಿದ್ದ ಕುಳ್ಳಿ, ತರಗತಿಗೆಲ್ಲ ಚಿಕ್ಕವಳು, ಬಾಯಿ ಹಾಕಿದಳು. "ಬರೆದ್ವಿ ಸಾರ್. ಎಲ್ಲಾನೂ ಬರೆದ್ವಿ. ರಜದಲ್ಲೂ ಬಂದು ಬರೆದ್ವಿ."

ಸಾಮಾನು ಮುಟ್ಟಿದೆ ಎಂದು ಮಕ್ಕಳಿಂದಲೇ ಬರೆಸಿಕೊಂಡಿದ್ದಾರೆ. ಟೀಚರ್‌ಗೆ ಅರ್ಥವಾದದ್ದು ಇಷ್ಟೇ. ಈ ಹಸುಗೂಸುಗಳ ಕೈಯಲ್ಲಿ ಸುಳ್ಳು ಬರೆಸಿದ ಕೈಗೆ ಹುಳ ಬೀಳಲಿ ಎಂದು ಹೆಡ್‌ಮಾಸ್ಟರ ಮುಖದ ಮೇಲೇ ಹೇಳಿದಳು.

"ಸುಳ್ಳಲ್ಲ ಟೀಚರ್," ಎಂದಳು ಕುಳ್ಳಿ. "ನೀವು ಹೇಳಿಕೊಟ್ಟ ಹಾಗೇ ಬರೆದಿದ್ದು."

ಟೀಚರ್ ಅದನ್ನು ಕೇಳಿಸಿಕೊಳ್ಳಲಿಲ್ಲ. ಮೇಜಿನ ಮೇಲೆ ಯಾವಾಗಲೂ ಬಿದ್ದಿರುತ್ತಿದ್ದ ಹಿಂದಿನ ಕೋಣೆಯ ಬೀಗದ ಕೈ ಎತ್ತಿಕೊಂಡು ಜಗಲಿ ಹಿಡಿದು ಹೊರಟೇಬಿಟ್ಟಳು. ಹಿಂದೆ ಹೆಡ್‌ಮಾಸ್ಟರ್ ಏದುಸಿರು ಬಿಡುತ್ತ, ಅವರ ಹಿಂದೆ ಕುಳ್ಳಿ.

ಹಿಂದಿನ ಕೋಣೆಗೆ ಜಗಲಿಯ ಕಡೆ ಒಂದೇ ಕಿಟಕಿ, ಅದಕ್ಕೂ ತಂತಿ ಬಲೆ. ಬಲೆಗೆ ಹಣೆ ಒತ್ತಿ ನೋಡಿದಳು. ಇತ್ತು. ಎದುರಿಗೇ ಇತ್ತು. ಅರೆ ಬಾಗಿಲು ತೆರೆದ ಕಪಾಟು, ಸಾಲುಸಾಲು ಶೀಶೆ, ಕೆಂಪು, ನೀಲಿ, ಹಸಿರು. ಮೊಳೆಯಲ್ಲಿ ಪಿಟೀಲು. ಮೂಲೆಯಲ್ಲಿ ಡೋಲು.

ಹೆಡ್‌ಮಾಸ್ಟರೂ ಬಗ್ಗಿ ನೋಡಿದರು. ಕಣ್ಣುಜ್ಜಿಕೊಂಡು ಮತ್ತೊಮ್ಮೆ ನೋಡಿದರು.

"ಈಗ ಏನಂತೀರಿ?" ಎಂದಳು ಅವಳು. ಉತ್ತರಕ್ಕೆ ಕಾಯಲಿಲ್ಲ. ಬೀಗ ತೆಗೆದು, ಬಾಗಿಲು ಒದ್ದು, ಧೂಳಿನಲ್ಲಿ ದಾಪುಗಾಲು ಹಾಕಿ ಹೋಗಿ ಪಿಟೀಲಿಗೆ ಕೈ ಹಾಕಿದಳು.

ಉಗುರು ಗಾರೆಗೆ ಬಡಿದು ಮುರಿಯಿತು. ಬೆರಳಿಗೆಲ್ಲ ಇದ್ದಿಲು.

"ನೆರಳು ಸರಿಯಾಗಿ ಬಿದ್ದಿದೆಯಾ ಟೀಚರ್?" ಹಿಂದಿನಿಂದ ಕುಳ್ಳಿ ಕೇಳಿದಳು.

ಆ ಗೋಡೆಯನ್ನು ಮುಟ್ಟಿ ನೋಡಲು ಅನುದಾನದ ಕಚೇರಿಯವರು ಆಮೇಲೆ ಬಂದರೋ ಇಲ್ಲವೋ, ನನಗೆ ಗೊತ್ತಿಲ್ಲ.